‘ಈಜಿಪ್ಟ್’ ಹಡಗಿನ ಖಲಾಸಿಗಳು: 1922ರ ಒಂದು ಆರೋಪದ ಮರುವಿಚಾರಣೆ

ಪಿ ಅಂಡ್ ಓ ಕಂಪನಿಯ ‘ಈಜಿಪ್ಟ್’ ಹಡಗಿನ ಹೆಸರು ಎತ್ತಿದರೆ ಇವತ್ತಿಗೂ ಮೊದಲು ಬರುವುದು ಬಂಗಾರದ ಮಾತು. ಟಿಲ್ಬರಿಯಿಂದ ಬೊಂಬಾಯಿಗೆ ಹೊರಟಿದ್ದ ಅದರ ಹೊಟ್ಟೆಯಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಕ್ಕಿದ ಚಿನ್ನ ಬೆಳ್ಳಿ ಇತ್ತು. ಇಟಲಿಯ ‘ಆರ್ಟಿಲ್ಯೋ’ ಹಡಗಿನ ಮುಳುಗುಗಾರರು 1930ರಲ್ಲಿ ಅದರ ಅವಶೇಷವನ್ನು ಪತ್ತೆ ಹಚ್ಚಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಮುಳುಗಿದ ಹಡಗನ್ನು ಸಿಡಿಸುವಾಗ ಅವರಲ್ಲಿ ಹಲವರು ಸತ್ತರು. ಉಳಿದವರು ಬೇರೊಂದು ಹಡಗು ಸಜ್ಜುಮಾಡಿಕೊಂಡು ಬಂದು 1932ರಲ್ಲಿ ಚಿನ್ನ ಎತ್ತಿದರು. ಈ ಸಾಹಸದ ಮೇಲೆ ಪುಸ್ತಕಗಳು ಬಂದಿವೆ, ಅವು ಓದಲು ಯೋಗ್ಯವೂ ಹೌದು. ಆದರೆ ಹಡಗು ಮುಳುಗಿದ ಹೊತ್ತಿನಲ್ಲಿ ಅದರ ಮೇಲೆ ದುಡಿಯುತ್ತಿದ್ದ, ‘ಲಸ್ಕರ’ರೆಂದು ಕರೆಸಿಕೊಂಡ ಹಿಂದೂಸ್ಥಾನದ ಆಳುಗಳ ಬಗ್ಗೆ ಉಳಿದುಬಂದಿರುವುದು ಒಂದೇ ವಾಕ್ಯ: ಲಸ್ಕರರು ಗಾಬರಿಬಿದ್ದು ದೋಣಿಗಳಿಗೆ ನುಗ್ಗಿದರು. ನನ್ನ ತಕರಾರು ಈ ವಾಕ್ಯದ ಜೊತೆ. ಅದನ್ನು ಅಲ್ಲಗಳೆಯಲು ಹೊರಟ ನಮ್ಮವರ ಅವಸರದ ಜೊತೆಯೂ ಅಷ್ಟೇ ತಕರಾರಿದೆ.

ತುಂಗಭದ್ರೆಯ ದಡದ ಮುಕ್ಕುಂದದಲ್ಲಿ ಹರಿಗೋಲು ಬಿಟ್ಟರೆ ಬೇರೆ ನಾವೆ ಕಾಣದ ನಮ್ಮ ಸಿಂಧನೂರು ಸೀಮೆಗೂ ಸಮುದ್ರದ ಹಡಗಿಗೂ ಏನು ಸಂಬಂಧ ಎಂದು ಕೇಳಬಹುದು. 1871ರಲ್ಲಿ ಬೊಂಬಾಯಿ ಕಡೆಯ ಜಿ.ಐ.ಪಿ. ರೈಲೂ ಮದರಾಸು ರೈಲೂ ಕೂಡಿಕೊಂಡದ್ದು ರಾಯಚೂರಿನಲ್ಲಿ. ಪಿ ಅಂಡ್ ಓ ಹಡಗು ಬೊಂಬಾಯಿಯಲ್ಲಿ ಇಳಿಸಿದ ವಿಲಾಯಿತಿ ಟಪಾಲು ಮದರಾಸಿಗೆ ಹೋದದ್ದು ನಮ್ಮ ರಾಯಚೂರು ದೋಆಬಿನ ಎದೆಯ ಮೇಲೆಯೇ. ಆ ಟಪಾಲು ತಂದ ಹಡಗಿನ ಬೆಂಕಿಗೆ ಕಲ್ಲಿದ್ದಲು ಎಸೆದವರ ಚರಿತ್ರೆ ನಮಗೆ ಪರಕೀಯವಲ್ಲ. ಇಂಗ್ಲೆಂಡಿನ ಕಡಲಯಾನ ವಿ.ಕೃ. ಗೋಕಾಕರಿಂದ ‘ಸಮುದ್ರಗೀತೆಗಳು’ ಬರೆಸಿತು. ಯಾನ ನಡೆಸಿಕೊಟ್ಟವರ ಬಗ್ಗೆ ಮಾತ್ರ ಕನ್ನಡದಲ್ಲಿ ಬರಹ ತೀರಾ ಕಡಿಮೆ.

ಸಾಕ್ಷ್ಯಕ್ಕೆ ಬರೋಣ. ಹಡಗು 1922ರ ಮೇ 19ರಂದು ಟಿಲ್ಬರಿ ಬಿಟ್ಟಿತು. ಅದರಲ್ಲಿ 44 ಪ್ರಯಾಣಿಕರು, 294 ಸಿಬ್ಬಂದಿ. ಮರುದಿನ ಸಂಜೆ ಏಳರ ಸುಮಾರಿಗೆ, ಫ್ರಾನ್ಸಿನ ತೀರದಾಚೆ ದಟ್ಟ ಮಂಜಿನಲ್ಲಿ, ‘ಸೇನ್’ ಎಂಬ ಫ್ರೆಂಚ್ ಸರಕು ಹಡಗು ಅದರ ಎಡಮಗ್ಗುಲಿಗೆ ಹಾಯ್ದಿತು. ಇಪ್ಪತ್ತು ನಿಮಿಷದೊಳಗೆ ‘ಈಜಿಪ್ಟ್’ ತಳ ಸೇರಿತು. ಸತ್ತವರು 86 ಜನ: 71 ಸಿಬ್ಬಂದಿ, 15 ಪ್ರಯಾಣಿಕರು.

ಖಲಾಸಿಗಳ ಪರವಾಗಿ ಮಾತಾಡುವ ಗೆಳೆಯರು ಈ ಅಂಕಿಗಳನ್ನೇ ಎತ್ತಿ ತೋರಿಸುತ್ತಾರೆ. ಸತ್ತ ಪ್ರತಿ ಆರು ಜನರಲ್ಲಿ ಐವರು ಸಿಬ್ಬಂದಿಯೇ ಆಗಿರುವಾಗ ಅವರು ದೋಣಿ ಕಿತ್ತುಕೊಂಡರು ಎನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ. ಕೇಳಲು ಹಿತವಾಗಿದೆ, ಆದರೆ ನಿಲ್ಲುವುದಿಲ್ಲ. 294ರಲ್ಲಿ 71 ಎಂದರೆ ನೂರಕ್ಕೆ ಇಪ್ಪತ್ತನಾಲ್ಕು. 44ರಲ್ಲಿ 15 ಎಂದರೆ ನೂರಕ್ಕೆ ಮೂವತ್ನಾಲ್ಕು. ಪ್ರಮಾಣ ಹಿಡಿದು ನೋಡಿದರೆ ಹೆಚ್ಚು ಸತ್ತವರು ಪ್ರಯಾಣಿಕರು. ಎದುರಾಳಿ ಈ ಲೆಕ್ಕ ಹಾಕಿದ ಕ್ಷಣ ನಮ್ಮ ವಾದ ಬಿದ್ದುಹೋಗುತ್ತದೆ. ಕೆಟ್ಟ ವಾದದಿಂದ ಒಳ್ಳೆಯ ಪಕ್ಷವನ್ನು ಹಿಡಿದು ನಿಲ್ಲಿಸುವ ಈ ಅಭ್ಯಾಸವನ್ನು ನಮ್ಮ ಕಾರ್ಮಿಕ ಚರಿತ್ರೆಯ ಬರಹಗಾರರು ಇನ್ನಾದರೂ ಬಿಡಬೇಕು.

ಹಾಗಾದರೆ ಆರೋಪ ಸಾಬೀತಾಯಿತೇ? ಇಲ್ಲ. 294 ಎಂಬುದು ಒಂದೇ ಗುಂಪಲ್ಲ ಎಂಬುದನ್ನು ಎರಡೂ ಪಕ್ಷದವರು ಮರೆತಿದ್ದಾರೆ. ಪಿ ಅಂಡ್ ಓ ಹಡಗುಗಳಲ್ಲಿ ಯುರೋಪಿಯನ್ ಅಧಿಕಾರಿಗಳ ಕೈಕೆಳಗೆ ಮೂರು ಪ್ರತ್ಯೇಕ ಲೋಕಗಳಿದ್ದವು. ಅಟ್ಟದ ಮೇಲೆ ಮೇಸ್ತ್ರಿಯಾದ ಸಾರಂಗ, ಅವನ ಕೈಕೆಳಗಿನ ಟಿಂಡಾಲ, ಚುಕ್ಕಾಣಿ ಹಿಡಿಯುವ ಸುಕ್ಕಾಣಿ, ಖಲಾಸಿಗಳು. ಇವರು ಹೆಚ್ಚಾಗಿ ರತ್ನಾಗಿರಿ ಮತ್ತು ಗುಜರಾತಿನ ಕರಾವಳಿಯವರು. ಕೆಳಗೆ ಬಾಯ್ಲರಿನ ಮುಂದೆ ಆಗವಾಲಾ, ಕೋಯಲಾವಾಲಾ, ತೇಲವಾಲಾಗಳು. ಇವರಲ್ಲಿ ಬಹುಪಾಲು ಪಂಜಾಬ್ ಮತ್ತು ವಾಯವ್ಯ ಗಡಿಯಿಂದ ಬಂದವರು. ಊಟದ ಸಾಲೆ, ಕೋಣೆಗಳ ಚಾಕರಿ ಗೋವೆಯ ಕ್ರೈಸ್ತರದ್ದು. ಬೊಂಬಾಯಿಯ ಧೋಬಿ ತಲಾವಿನ ‘ಕೂಡ’ ಎಂಬ ವಸತಿಗಳಲ್ಲಿ ಊರಿನವರ ಜೊತೆ ತಂಗಿದ್ದು, ಹಡಗು ಸಿಕ್ಕಾಗ ಹತ್ತುತ್ತಿದ್ದವರು ಅವರು. ನೇಮಕಾತಿ ಬೇರೆ, ಭಾಷೆ ಬೇರೆ, ಅಡುಗೆ ಬೇರೆ, ಮಲಗುವ ತಾಣ ಬೇರೆ. ದೋಣಿಯನ್ನು ತೊಟ್ಟಿಲಿನಿಂದ ಬಿಡಿಸಿ, ಹಗ್ಗ ಸಡಿಲಿಸುತ್ತ ಸಮವಾಗಿ ನೀರಿಗಿಳಿಸುವ ಕೆಲಸ ಇವರಲ್ಲಿ ಮೊದಲ ಗುಂಪಿಗೆ ಮಾತ್ರ ನಿತ್ಯದ್ದು.

ಮಂಗಳೂರು ಬಂದರಿನ ಹಳೆಯ ದಿನಗಳನ್ನು ಬಲ್ಲವರಿಗೆ ಈ ಮೊದಲ ಗುಂಪಿನ ಕೈಚಳಕ ವಿವರಿಸಬೇಕಿಲ್ಲ. ಅಳಿವೆಯಲ್ಲಿ ಮರಳದಿಬ್ಬ ಅಡ್ಡವಾಗಿ, ಬೊಂಬಾಯಿ ಸ್ಟೀಮರುಗಳು ದೂರ ಸಮುದ್ರದಲ್ಲೇ ಲಂಗರು ಹಾಕುತ್ತಿದ್ದವು. ಹೋಟೆಲು ಕೆಲಸಕ್ಕೆ ಹೊರಟ ಹುಡುಗರನ್ನು ಅಲೆಯ ಏರಿಳಿತ ನೋಡಿಕೊಂಡು ದೋಣಿಯಿಂದ ಸ್ಟೀಮರಿಗೆ ಹತ್ತಿಸಿದವರು ಇಂಥದ್ದೇ ಕರಾವಳಿಯ ದೋಣಿಗಾರರು. ಪಡುವಣ ತೀರದ ಮನುಷ್ಯ ದೋಣಿ ಕಂಡರೆ ಗಾಬರಿಬೀಳುತ್ತಾನೆ ಎಂದು ಬರೆದವರು ಆ ತೀರವನ್ನು ನೋಡಿದವರಲ್ಲ.

ಇನ್ನು ಸಂಜೆಯ ಏಳು ಗಂಟೆ. ಪ್ರಯಾಣಿಕರ ಊಟದ ವೇಳೆ ಹತ್ತಿರವಾಗಿತ್ತು. ಗೋವೆಯವರು ಸಾಲೆಯಲ್ಲೋ ಅಡುಗೆಮನೆಯ ಬಳಿಯೋ ಇದ್ದಿರಬೇಕು. ಪಾಳಿಯ ಆಗವಾಲಾಗಳು ನೀರಿನ ಮಟ್ಟಕ್ಕಿಂತ ಕೆಳಗಿದ್ದರು. ಇದು ಕೆಲಸದ ಕ್ರಮದಿಂದ ನಾನು ಮಾಡಿದ ಊಹೆ, ಸಾಕ್ಷಿಯ ಹೇಳಿಕೆಯಲ್ಲ. ಆದರೂ ಇಪ್ಪತ್ತು ನಿಮಿಷದೊಳಗೆ, ವಾಲುತ್ತಿರುವ ಹಡಗಿನ ಕಬ್ಬಿಣದ ಏಣಿಗಳನ್ನು ಹತ್ತಿ ಮೇಲೆ ಬಂದ, ತನಗೆ ಯಾವ ದೋಣಿ ಗೊತ್ತುಮಾಡಿದೆ ಎಂದು ಕೈಯಾರೆ ಅಭ್ಯಾಸ ಮಾಡದ ಮನುಷ್ಯ ಹತ್ತಿರದ ದೋಣಿಗೆ ಓಡಿದರೆ ಅದನ್ನು ಜನಾಂಗದ ಗುಣ ಎನ್ನಬೇಕೇ, ಅಭ್ಯಾಸದ ಕೊರತೆ ಎನ್ನಬೇಕೇ? ಯಾರೂ ಓಡಲಿಲ್ಲ ಎಂದು ನಾನು ವಾದಿಸುತ್ತಿಲ್ಲ.

ಲಂಡನ್ನಿನ ಅಧಿಕೃತ ವಿಚಾರಣೆ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ನ್ಯಾಯಾಲಯ ಬೆರಳು ತೋರಿದ್ದು ದೋಣಿ ಕವಾಯತಿನ ವೈಫಲ್ಯದ ಕಡೆಗೆ. ಕಪ್ತಾನ ಕಾಲಿಯರ್ ಅವರ ಅರ್ಹತಾಪತ್ರ ಆರು ತಿಂಗಳು ಅಮಾನತಾಯಿತು. ಲಸ್ಕರರ ಗಾಬರಿಯ ಬಗ್ಗೆ ಪತ್ರಿಕೆಗಳು ಎಬ್ಬಿಸಿದ ಗದ್ದಲ ಉಳಿದು, ಈ ತೀರ್ಪು ಹಿಂದೆ ಸರಿದದ್ದು ಆಕಸ್ಮಿಕವಲ್ಲ. ಹಿಂದೂಸ್ಥಾನದವರನ್ನು ಬ್ರಿಟಿಷ್ ಹಡಗುಗಳಿಂದ ಹೊರಹಾಕಬೇಕೆಂದು ಹ್ಯಾವ್‌ಲಾಕ್ ವಿಲ್ಸನ್ ಅವರ ನಾವಿಕರ ಸಂಘ ಬಹುಕಾಲದಿಂದ ಕೂಗುತ್ತಿತ್ತು. ಅದಕ್ಕೆ ಈ ಕಥೆ ಅನುಕೂಲವಾಗಿತ್ತು.

ಒಂದು ಆಕ್ಷೇಪ ಉಳಿಯುತ್ತದೆ. ಹಡಗು ಹೊರಟು ಒಂದೂವರೆ ದಿನವೂ ಆಗಿರಲಿಲ್ಲ, ಕವಾಯತಿಗೆ ಸಮಯವೆಲ್ಲಿತ್ತು ಎಂಬುದು ಅದು. ಪ್ರಯಾಣಿಕರ ಮಟ್ಟಿಗೆ ಇದು ಸರಿ. ಆದರೆ ಲಸ್ಕರರ ಕರಾರು ಹಿಂದೂಸ್ಥಾನದ ಬಂದರಿನಲ್ಲಿ ಶುರುವಾಗಿ ಅಲ್ಲಿಯೇ ಮುಗಿಯಬೇಕೆಂಬುದು ಆಗಿನ ಕಾನೂನಿನ ಕಟ್ಟು. ಇಂಗ್ಲೆಂಡಿನಲ್ಲಿ ಅವರನ್ನು ಬಿಟ್ಟುಕೊಟ್ಟು ಹೊಸಬರನ್ನು ತೆಗೆದುಕೊಳ್ಳುವಂತಿರಲಿಲ್ಲ. ಅಂದರೆ ಅವರಲ್ಲಿ ಬಹಳ ಜನ ಬರುವಾಗಲೂ ಹಡಗಿನಲ್ಲೇ ಇದ್ದಿರಬೇಕು. ಕಲಿಸಲು ವಾರಗಟ್ಟಲೆ ಸಮಯವಿತ್ತು. (1894ರ ಹಡಗು ಕಾಯಿದೆ ಒಂದು ಹಡಗಿನಿಂದ ಇನ್ನೊಂದಕ್ಕೆ ಅವರನ್ನು ದಾಟಿಸಲು ಅವಕಾಶ ಕೊಟ್ಟಿತ್ತು. ಹಾಗಾಗಿ ಪ್ರತಿಯೊಬ್ಬರ ಮಟ್ಟಿಗೂ ಇದು ಸಿದ್ಧವಾಯಿತೆಂದು ಹೇಳಲಾರೆ.) 1912ರ ಟೈಟಾನಿಕ್ ನಂತರ ದೋಣಿ ಎಷ್ಟಿರಬೇಕು ಎಂಬ ಬಗ್ಗೆ ಎಲ್ಲರೂ ಲೆಕ್ಕ ಹಾಕಿದರು. ಅದನ್ನು ಇಳಿಸುವ ಕೈಗಳಿಗೆ ಎಷ್ಟು ಹೊತ್ತು ಕೊಟ್ಟಿದ್ದೇವೆ ಎಂಬ ಲೆಕ್ಕ ಬಾಕಿ ಉಳಿಯಿತು.

ತರಬೇತಿಯಲ್ಲಿ ಮಾಡಿದ ಈ ಉಳಿತಾಯಕ್ಕೆ ಹಿನ್ನೆಲೆ ಇದೆ. ಬ್ರಿಟಿಷ್ ನಾವಿಕನ ಕೂಲಿಯ ಮೂರನೆಯ ಒಂದು ಭಾಗ, ಕೆಲವೊಮ್ಮೆ ಐದನೆಯ ಒಂದು ಭಾಗ ಲಸ್ಕರನಿಗೆ ಸಿಗುತ್ತಿತ್ತು. 1906ರಲ್ಲಿ ಬ್ರಿಟಿಷ್ ನಾವಿಕನ ಮಲಗುವ ಜಾಗವನ್ನು 72 ಘನ ಅಡಿಯಿಂದ 120ಕ್ಕೆ ಏರಿಸಿದಾಗ ಲಸ್ಕರನನ್ನು ಆ ಏರಿಕೆಯಿಂದ ಹೊರಗಿಟ್ಟರು. ಅವನ ಪಾಲು 36. ಆಳು ಅಗ್ಗವಾದಲ್ಲಿ ಆಳಿನ ತರಬೇತಿಯೂ ಅಗ್ಗವಾಗುತ್ತದೆ. ಗೋಪಾಲನ್ ಬಾಲಚಂದ್ರನ್ ಹಿಂದೂಸ್ಥಾನಿ ನಾವಿಕರ ಮೇಲೆ ಬರೆದ 2012ರ ಗ್ರಂಥ ಈ ದುಡಿಮೆಯ ಮಾರುಕಟ್ಟೆಯನ್ನು ಮೇಲೆ ಹೇಳಿದ ಎರಡೂ ಪಕ್ಷದವರಿಗಿಂತ ಚೆನ್ನಾಗಿ ಬಿಡಿಸಿಟ್ಟಿದೆ. ಅಪಘಾತವನ್ನು ಕುರಿತು ಬರೆಯುವವರು ಅದನ್ನು ಓದದಿರುವುದಕ್ಕೆ ಕ್ಷಮೆಯಿಲ್ಲ.

ಬೊಂಬಾಯಿ ಮತ್ತು ಕಲ್ಕತ್ತೆಯಲ್ಲಿ ನಾವಿಕರ ನೇಮಕಾತಿ, ದಲ್ಲಾಳಿಗಳಿಗೆ ಕೊಡಬೇಕಾಗಿದ್ದ ಲಂಚ, ಕೆಲಸಕ್ಕಾಗಿ ತಿಂಗಳುಗಟ್ಟಲೆ ಕಾಯುವ ಪಾಡು ಇವನ್ನು ಪರಿಶೀಲಿಸಲು ಸರಕಾರ ನೇಮಿಸಿದ ಕ್ಲೋ ಅವರ ಸಮಿತಿ ಕೂತದ್ದೂ ಅದೇ 1922ರಲ್ಲಿ. ಆಗಿನ ಕಾನೂನಿನಂತೆ ಹಡಗು ನಾಶವಾದ ದಿನಕ್ಕೇ ನಾವಿಕನ ಸಂಬಳ ನಿಲ್ಲುತ್ತಿತ್ತು. ‘ಈಜಿಪ್ಟ್’ನಿಂದ ಬದುಕಿ ಬಂದ ಖಲಾಸಿಯ ಕೂಲಿ ಮೇ 20ಕ್ಕೆ ಮುಗಿಯಿತು, ಮುಂದಿನ ಹಡಗಿಗಾಗಿ ಅವನು ಕ್ಲೋ ಸಮಿತಿ ಪರಿಶೀಲಿಸುತ್ತಿದ್ದ ಅದೇ ದಲ್ಲಾಳಿಯ ಬಾಗಿಲಿಗೆ ಮತ್ತೆ ಹೋಗಬೇಕಿತ್ತು. ಲಂಡನ್ನಿನ ವಿಚಾರಣೆಯನ್ನೂ ಬೊಂಬಾಯಿಯ ಈ ವಿಚಾರಣೆಯನ್ನೂ ಅಕ್ಕಪಕ್ಕ ಇಟ್ಟು ಓದುವ ಕೆಲಸ ಮೊದಲು ಆಗಬೇಕು. ಗಾಬರಿಬಿದ್ದವರು ಯಾರು ಎಂಬ ಮಾತು ಆಮೇಲಿನದು.