ಫ್ಯಾಷನ್ ಕೂಡ ಹಿಸ್ಟರಿನಾ? ಬಟ್ಟೆ ಯೂನಿವರ್ಸಿಟಿಗೆ ಬಂದ ಕಥೆ



ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ರೆ ಒಂದ್ಸಲ ಸುತ್ತ ನೋಡಿ. ಯಾರು ಏನು ಹಾಕ್ಕೊಂಡಿದಾರೆ ಅಂತ ನೋಡಿದ ಎರಡೇ ಸೆಕೆಂಡಲ್ಲಿ ಅವರ ವಯಸ್ಸು, ಕೆಲಸ, ಊರು, ದುಡ್ಡು ಎಲ್ಲದರ ಬಗ್ಗೆ ಊಹೆ ಮಾಡಿಬಿಡ್ತೀವಿ. ಅಂದ್ರೆ ಬಟ್ಟೆಯನ್ನ ಓದೋದು ನಮಗೆಲ್ಲ ಅಷ್ಟೋ ಇಷ್ಟೋ ಗೊತ್ತು. ಆದ್ರೆ ಇದನ್ನೇ ಯೂನಿವರ್ಸಿಟಿಯಲ್ಲಿ ಇತಿಹಾಸದ ಪಾಠವಾಗಿ ಕಲಿಸ್ತೀವಿ ಅಂತ ಕೆಲವರು ಹೊರಟಾಗ ಅವರನ್ನ ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ. ಯಾಕೆ? ಅದರಿಂದ ಇತಿಹಾಸ ಕಳ್ಕೊಂಡಿದ್ದೇನು? ಇವತ್ತು ಅದನ್ನೇ ನೋಡೋಣ.

ವ್ಯಾಲೆರಿ ಸ್ಟೀಲ್ ಅಂತ ಅಮೆರಿಕದ ಇತಿಹಾಸಕಾರ್ತಿ ಇದಾರೆ. ಯೇಲ್ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ ಮಾಡ್ತಿದ್ದಾಗ ನಡೆದ ಒಂದು ಪ್ರಸಂಗವನ್ನ ಅವರು 1991ರಲ್ಲಿ ಬರೆದರು. ಒಬ್ಬ ಪ್ರೊಫೆಸರ್, "ಯಾವ ವಿಷಯದ ಮೇಲೆ ರಿಸರ್ಚ್ ಮಾಡ್ತಿದೀಯ?" ಅಂತ ಕೇಳಿದ್ರಂತೆ. ಸ್ಟೀಲ್ ಹೇಳಿದ್ದು ಫ್ಯಾಷನ್. ಅವರಿಗೆ ಕೇಳಿಸಿದ್ದು ಫ್ಯಾಸಿಸಂ! ಭಾರಿ ಆಸಕ್ತಿಯಿಂದ, ಇಟಲಿದಾ ಜರ್ಮನಿದಾ ಅಂತ ವಿಚಾರಿಸಿದ್ರು. ಅಲ್ಲ ಸರ್, ಫ್ಯಾಷನ್ ಅಂತ ಬಿಡಿಸಿ ಹೇಳಿದ ಮೇಲೆ ಮುಂದೆ ಒಂದೂ ಮಾತಾಡದೆ ಹೊರಟೇ ಹೋದ್ರು. ಮುಂದೆ ಇದೇ ಸ್ಟೀಲ್ 1997ರಲ್ಲಿ 'ಫ್ಯಾಷನ್ ಥಿಯರಿ' ಅನ್ನೋ ಅಕಾಡೆಮಿಕ್ ಜರ್ನಲ್ ಶುರು ಮಾಡಿದ್ರು ಅನ್ನೋದು ಬೇರೆ ಮಾತು.

ಆ ಪ್ರೊಫೆಸರ್ ಒಬ್ಬರದೇ ತಪ್ಪಲ್ಲ ಬಿಡಿ. ಆಗ ಹಿಸ್ಟರಿ ಅಂದ್ರೆ ಕಾಗದಪತ್ರ. ರಾಜರ ಆದೇಶ, ಪಾರ್ಲಿಮೆಂಟಿನ ಕಡತ, ಮಂತ್ರಿಗಳ ಪತ್ರ. ಬಟ್ಟೆ ಅಂದ್ರೆ ಹೆಂಗಸರ ವಿಷಯ, ದರ್ಜಿ ಅಂಗಡಿಯ ವಿಷಯ, ಪರೀಕ್ಷೆ ಬರೆಸೋವಷ್ಟು ದೊಡ್ಡದಲ್ಲ ಅನ್ನೋ ಭಾವನೆ ಇತ್ತು. ಹಾಗಾಗಿ ಹಳೇ ಉಡುಪುಗಳನ್ನ ಕೂಡಿಟ್ಟು ಅಧ್ಯಯನ ಮಾಡಿದ್ದು ಮೊದಲು ಮ್ಯೂಸಿಯಂಗಳು, ಅದರಲ್ಲೂ ಅಲ್ಲಿದ್ದ ಹೆಣ್ಣುಮಕ್ಕಳು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಪ್ಲಾಟ್ ಹಾಲ್ 1947ರಲ್ಲಿ ಉಡುಪುಗಳ ಮ್ಯೂಸಿಯಂ ಆಯ್ತು, ಆನ್ ಬಕ್ ಅದನ್ನ ಕಟ್ಟಿ ಬೆಳೆಸಿದ್ರು. 1963ರಲ್ಲಿ ಡೋರಿಸ್ ಲ್ಯಾಂಗ್ಲಿ ಮೂರ್ ಅನ್ನೋ ಲೇಖಕಿ ತಮ್ಮ ಸಂಗ್ರಹದಿಂದ ಬಾತ್ ನಗರದಲ್ಲಿ ಇನ್ನೊಂದು ಮ್ಯೂಸಿಯಂ ತೆರೆದ್ರು.

ಯೂನಿವರ್ಸಿಟಿಯ ಬಾಗಿಲು ತೆರೆದದ್ದು 1965ರಲ್ಲಿ. ಲಂಡನ್ನಿನಲ್ಲಿ ಕೋರ್ಟಾಲ್ಡ್ ಇನ್‌ಸ್ಟಿಟ್ಯೂಟ್ ಅಂತಿದೆ, ಕಲೆಯ ಇತಿಹಾಸ ಕಲಿಸೋ ದೊಡ್ಡ ಸಂಸ್ಥೆ. ಅಲ್ಲಿ ಉಡುಪಿನ ಇತಿಹಾಸಕ್ಕೆ ಅಂತಾನೇ ಒಂದು ಪೋಸ್ಟ್‌ಗ್ರಾಜುಯೇಟ್ ಕೋರ್ಸ್ ಶುರುವಾಯ್ತು. ಶುರು ಮಾಡಿದವರು ಸ್ಟೆಲ್ಲಾ ಮೇರಿ ನ್ಯೂಟನ್. ಹುಟ್ಟಿದ್ದು 1901ರಲ್ಲಿ. ಅಂದ್ರೆ ಬೇರೆಯವರು ರಿಟೈರ್ ಆಗೋ ವಯಸ್ಸಲ್ಲಿ ಇವರು ಹೊಸ ಕೋರ್ಸ್ ಕಟ್ಟೋಕೆ ನಿಂತ್ರು.

ಅವರು ಬಂದಿದ್ದು ನಾಟಕದ ಲೋಕದಿಂದ. ಟಿ.ಎಸ್. ಎಲಿಯಟ್ ಅವರ 'ಮರ್ಡರ್ ಇನ್ ದ ಕ್ಯಾಥೆಡ್ರಲ್' ನಾಟಕ 1935ರಲ್ಲಿ ಮೊದಲ ಸಲ ರಂಗಕ್ಕೆ ಬಂದಾಗ ವೇಷಭೂಷಣ ಮಾಡಿದ್ದು ಇವರೇ. ಆಮೇಲೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಒಂದು ಮಜವಾದ ಕೆಲಸ ಸಿಕ್ತು. ಹಳೇ ಪೇಂಟಿಂಗ್‌ಗಳಲ್ಲಿರೋ ಬಟ್ಟೆ ನೋಡಿ, ಆ ಚಿತ್ರ ಯಾವ ಕಾಲದ್ದು ಅಂತ ಹೇಳೋದು!

ಇದು ಹೇಗೆ ಸಾಧ್ಯ? ಲಾಜಿಕ್ ಸರಳ. ತೋಳಿನ ಆಕಾರ, ಕತ್ತಿನ ಪಟ್ಟಿ, ತಲೆಯ ಟೋಪಿ, ಇವೆಲ್ಲ ಆಗಾಗ ಬದಲಾಗ್ತಾನೇ ಇರ್ತವೆ. ಒಂದು ಚಿತ್ರ 1500ರದ್ದು ಅಂತ ಯಾರೋ ಹೇಳ್ತಾರೆ ಅಂದ್ಕೊಳ್ಳಿ. ಆದ್ರೆ ಅದರಲ್ಲಿರೋ ತೋಳು ಬಳಕೆಗೆ ಬಂದಿದ್ದೇ ಇಪ್ಪತ್ತು ವರ್ಷ ಬಿಟ್ಟು ಅಂತಾದ್ರೆ? ಚಿತ್ರದ ವಯಸ್ಸನ್ನ ಮತ್ತೆ ಲೆಕ್ಕ ಹಾಕ್ಬೇಕು. ಒಂದು ಫೋಟೋದಲ್ಲಿ ಬೆಲ್ ಬಾಟಮ್ ಪ್ಯಾಂಟ್ ಕಂಡ್ರೆ ನಾವು "ಎಪ್ಪತ್ತರ ದಶಕದ್ದಿರ್ಬೇಕು" ಅಂತೀವಲ್ಲ, ಹಾಗೇನೇ. ಆದ್ರೆ ಇಲ್ಲಿ ಅಂದಾಜಿಗೆ ಜಾಗ ಇಲ್ಲ, ಪುರಾವೆ ಬೇಕು.

ಮೋಸ ಹೋಗೋ ಸಾಧ್ಯತೆನೂ ಇದೆ. ಹದಿನೆಂಟನೇ ಶತಮಾನದ ಕಲಾವಿದ ಜೋಶುವಾ ರೆನಾಲ್ಡ್ಸ್ ಎಷ್ಟೋ ಶ್ರೀಮಂತ ಮಹಿಳೆಯರಿಗೆ ಅವರು ದಿನಾ ಹಾಕ್ತಿದ್ದ ಗೌನ್ ಬದಲು ಹಳೇ ಗ್ರೀಕ್-ರೋಮನ್ ಶೈಲಿಯ ಬಟ್ಟೆ ಬಿಡಿಸ್ತಿದ್ದ. ಫ್ಯಾಷನ್ ಹಳೇದಾದ್ರೂ ಚಿತ್ರ ಹಳೇದಾಗಬಾರದು ಅನ್ನೋ ಯೋಚನೆ ಅದು, ಒಂಥರಾ ಫಿಲ್ಟರ್. ಆದ್ದರಿಂದ ಚಿತ್ರ ಒಂದೇ ಸಾಲದು, ಉಳಿದಿರೋ ನಿಜವಾದ ಬಟ್ಟೆಯನ್ನೂ ನೋಡ್ಬೇಕು. ಇದೇ ಕಾಲದಲ್ಲಿ ಜಾನೆಟ್ ಆರ್ನಲ್ಡ್ ಅನ್ನೋರು ಮ್ಯೂಸಿಯಂ ಮ್ಯೂಸಿಯಂ ಸುತ್ತಿ, ಹಳೇ ಉಡುಪುಗಳ ಒಂದೊಂದು ಹೊಲಿಗೆಯನ್ನೂ ಅಳೆದು ನಕ್ಷೆ ಬರೆದ್ರು. 1964ರಿಂದ ಬಂದ ಅವರ 'ಪ್ಯಾಟರ್ನ್ಸ್ ಆಫ್ ಫ್ಯಾಷನ್' ಪುಸ್ತಕಗಳನ್ನ ವಿದ್ಯಾರ್ಥಿಗಳು ಇವತ್ತಿಗೂ ಬಳಸ್ತಾರೆ. ಹೊಲಿಗೆ ಬಿಚ್ಚಿ ಅಗಲ ಮಾಡಿದ ಗುರುತಿದ್ರೆ ಆ ಗೌನ್ ಮತ್ತೆ ಬಳಕೆಯಾಗಿದೆ ಅಂತ ಅರ್ಥ. ಕಾಗದದಲ್ಲಿ ಇದನ್ನ ಯಾರೂ ಬರೆದಿಡಲ್ಲ.

ಇಲ್ಲಿಗೆ ಒಂದು ದೊಡ್ಡ ಪ್ರಶ್ನೆ ಬರುತ್ತೆ. ಮ್ಯೂಸಿಯಂನಲ್ಲಿ ಉಳಿದಿರೋದು ಯಾರ ಬಟ್ಟೆ? ಬಹುಪಾಲು ಶ್ರೀಮಂತರದ್ದು. ಬಡವರ ಬಟ್ಟೆ ಹರಿಯೋವರೆಗೂ ಉಟ್ಟು, ಆಮೇಲೆ ತೇಪೆಗೆ ಹೋಗ್ತಿತ್ತು. ಕೊನೆಗೆ ಚಿಂದಿಯಾಗಿ ಕಾಗದ ಮಾಡೋ ಕಾರ್ಖಾನೆ ಸೇರ್ತಿತ್ತು. ಹಾಗಾದ್ರೆ ಕ್ಲಾಸಲ್ಲಿ ಕಲಿಸೋ ಫ್ಯಾಷನ್ ಹಿಸ್ಟರಿ ಬರೀ ಅರಮನೆಯ ಕಥೆನಾ?

ಇದಕ್ಕೆ ಉತ್ತರ ಒಂದು ಅನಾಥಾಲಯದ ಕಡತಗಳಲ್ಲಿ ಸಿಕ್ತು. ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್. ಹೆಸರು ಹಾಸ್ಪಿಟಲ್ ಅಂತಿದ್ರೂ, ಸಾಕೋಕೆ ಆಗದ ತಾಯಂದಿರು ಮಕ್ಕಳನ್ನ ಬಿಟ್ಟುಹೋಗ್ತಿದ್ದ ಜಾಗ ಅದು. 1741ರಲ್ಲಿ ಮೊದಲ ಮಕ್ಕಳನ್ನ ತಗೊಂಡ್ರು. ಒಳಗೆ ಹೋದ ಮಗುವಿಗೆ ಹೊಸ ಹೆಸರು ಇಡ್ತಿದ್ರು. ಮುಂದೆಂದಾದ್ರೂ ತಾಯಿ ವಾಪಸ್ ಬಂದ್ರೆ ಗುರುತು ಹಿಡಿಯೋದು ಹೇಗೆ? ಒಂದು ಚೂರು ಬಟ್ಟೆ! ತಾಯಿ ಕೊಟ್ಟಿದ್ದೋ, ಮಗುವಿನ ಅಂಗಿಯಿಂದ ಗುಮಾಸ್ತ ಕತ್ತರಿಸಿದ್ದೋ, ಅದನ್ನ ಮಗುವಿನ ದಾಖಲೆ ಪತ್ರಕ್ಕೆ ಪಿನ್ ಮಾಡಿಡ್ತಿದ್ರು. ಹಾಗೆ ಉಳಿದ ಚೂರುಗಳು ಸುಮಾರು 5,000. ಹದಿನೆಂಟನೇ ಶತಮಾನದ ಬ್ರಿಟನ್ನಿನಲ್ಲಿ ಸಾಮಾನ್ಯ ಜನ ಉಟ್ಟ ಬಟ್ಟೆಗಳ ಅತಿ ದೊಡ್ಡ ಸಂಗ್ರಹ ಇದೇ. ಇತಿಹಾಸದ ಪ್ರೊಫೆಸರ್ ಜಾನ್ ಸ್ಟೈಲ್ಸ್ ಇವನ್ನ ಅಧ್ಯಯನ ಮಾಡಿ 2010ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಇಟ್ರು.

ಆ ಚೂರುಗಳಲ್ಲಿ ಹೂವಿನ ಪ್ರಿಂಟ್ ಇರೋ ಬಟ್ಟೆಗಳು ಬೇಕಾದಷ್ಟಿವೆ. ಆ ಪ್ರಿಂಟ್‌ನ ಹಿಂದೆ ನಮ್ಮ ದೇಶದ ಕಥೆ ಇದೆ. ಒಗೆದ್ರೂ ಬಣ್ಣ ಹೋಗದ ಭಾರತದ ಹತ್ತಿ ಬಟ್ಟೆ ಕಂಡು ಯುರೋಪ್ ಮರುಳಾಗಿತ್ತು. ಹಳಬರು ಚೀಟಿ ಬಟ್ಟೆ ಅಂತಿದ್ರಲ್ಲ, ಅದೇ ಅವರ ಬಾಯಲ್ಲಿ ಚಿಂಟ್ಸ್. ಕ್ಯಾಲಿಕೋ ಅನ್ನೋ ಹೆಸರು ಬಂದಿದ್ದೇ ಕ್ಯಾಲಿಕಟ್‌ನಿಂದ. ಇದರಿಂದ ಕೆಲಸ ಹೋಗುತ್ತೆ ಅಂತ ರೊಚ್ಚಿಗೆದ್ದ ಲಂಡನ್ನಿನ ನೇಕಾರರು 1719ರಲ್ಲಿ ಕ್ಯಾಲಿಕೋ ಉಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನ ಬೀದಿಯಲ್ಲೇ ಹರಿದ್ರು. 1721ರಲ್ಲಿ ಪ್ರಿಂಟ್ ಮಾಡಿದ ಕ್ಯಾಲಿಕೋ ಉಡೋದನ್ನೇ ಕಾನೂನು ನಿಷೇಧಿಸ್ತು. ಲಿನನ್ ಮೇಲೆ, ಹತ್ತಿ-ಲಿನನ್ ಮಿಶ್ರಣದ ಮೇಲೆ ಪ್ರಿಂಟ್ ಮಾಡೋ ದಾರಿ ಹುಡುಕಿದ್ರು. ಆದ್ರೂ ಹೂವಿನ ಆಸೆ ಹೋಗ್ಲಿಲ್ಲ ನೋಡಿ, ಅತಿ ಬಡ ತಾಯಂದಿರ ಮಕ್ಕಳ ಮೈಮೇಲೂ ಅದೇ ಹೂವು. ಬಡವರಿಗೆ ಫ್ಯಾಷನ್ ಗೊತ್ತಿರಲಿಲ್ಲ ಅನ್ನೋ ಮಾತನ್ನ ಈ ಚೂರುಗಳೇ ಸುಳ್ಳು ಮಾಡ್ತವೆ.

ಒಂದು ಚೂರಿನ ಕಥೆ ಕೇಳಿ. 1767ರ ಫೆಬ್ರವರಿಯಲ್ಲಿ ಸಾರಾ ಬೆಂಡರ್ ಅನ್ನೋ ತಾಯಿ ತನ್ನ ಮಗು ಚಾರ್ಲ್ಸ್‌ನ ಬಿಟ್ಟುಹೋದಳು. ತುಂಡು ಬಟ್ಟೆ ಸೇರಿಸಿ ಹೊಲಿದು, ಮೇಲೆ ಕಸೂತಿಯಲ್ಲಿ ಒಂದು ಹೃದಯ ಬಿಡಿಸಿ, ಅದನ್ನ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ್ದಳು. ಒಂದರ್ಧ ದಾಖಲೆಗೆ, ಇನ್ನೊಂದರ್ಧ ಅವಳ ಹತ್ರ. ಮಗುವಿಗೆ ಬೆಂಜಮಿನ್ ಟ್ವರ್ಲ್ ಅಂತ ಹೊಸ ಹೆಸರು ಬಂತು. ಎಂಟು ವರ್ಷ ಕಳೆದು, 1775ರ ಜೂನ್‌ನಲ್ಲಿ ಅವಳು ವಾಪಸ್ ಬಂದು ಮಗನನ್ನ ಕರ್ಕೊಂಡು ಹೋದಳು. ಇಂಥ ಅದೃಷ್ಟ ಸಿಕ್ಕಿದ್ದು ಕೆಲವರಿಗೆ ಮಾತ್ರ. 1741ರಿಂದ 1760ರವರೆಗೆ ಅಲ್ಲಿಗೆ ಬಂದ ಮಕ್ಕಳು 16,282. ವಾಪಸ್ ಮನೆಗೆ ಹೋದವರು ಬರೀ 152.

ಈ ತಾಯಂದಿರಲ್ಲಿ ಅನೇಕರಿಗೆ ಬರೆಯೋಕೆ ಬರ್ತಿರಲಿಲ್ಲ. ಕಾಗದಪತ್ರ ಮಾತ್ರ ಇತಿಹಾಸ ಅಂತ ಕೂತ್ರೆ ಇವರ ಬಗ್ಗೆ ಹೆಚ್ಚೆಂದರೆ ಒಂದು ಸಾಲು ಸಿಗುತ್ತೆ. ಬಟ್ಟೆ ಓದೋಕೆ ಕಲಿತವರಿಗೆ ಮಾತ್ರ ಇವರು ಏನು ಉಟ್ಟರು, ಏನು ಇಷ್ಟಪಟ್ಟರು, ಮಗುವಿಗಾಗಿ ಯಾವ ಚೂರನ್ನ ಆರಿಸಿದರು ಅನ್ನೋದು ಗೊತ್ತಾಗುತ್ತೆ. ಬಟ್ಟೆನ ಹೆಂಗಸರ ವಿಷಯ ಅಂತ ಯೂನಿವರ್ಸಿಟಿಗಳು ತಳ್ಳಿದಾಗ ಹೊರಗೆ ಉಳಿದಿದ್ದು ಇವರೇ.

ನಮ್ಮಲ್ಲಿ ಬಾಂಬೆ ಯೂನಿವರ್ಸಿಟಿಯ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1951ರಲ್ಲೇ ಭಾರತೀಯ ವೇಷಭೂಷಣದ ಮೇಲೆ ಪುಸ್ತಕ ಬರೆದಿದ್ರು. ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರಿಗೂ ಗುರು ಆಗಿದ್ದವರು ಇವರು. 1986ರಲ್ಲಿ ದೆಹಲಿಯಲ್ಲಿ ನಿಫ್ಟ್ ಶುರುವಾಯ್ತು, ಈಗ ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ.

ಈ ಪಾಠ ಕಲಿಯೋಕೆ ಅಡ್ಮಿಷನ್ನೇ ಬೇಕು ಅಂತಿಲ್ಲ. ಈ ವಾರ ಮನೆಯ ಟ್ರಂಕಿನಿಂದ ಒಂದು ಹಳೇ ಬಟ್ಟೆ ತೆಗೀರಿ. ಯಾರು ನೇಯ್ದಿದ್ದು, ಎಲ್ಲಿ ಕೊಂಡಿದ್ದು, ಎಲ್ಲಿ ತೇಪೆ ಬಿದ್ದಿದೆ, ಇಷ್ಟು ವರ್ಷ ಯಾಕೆ ಎತ್ತಿಟ್ಟಿದ್ರು ಅಂತ ಅಜ್ಜಿನೋ ಅಮ್ಮನ್ನೋ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಬಟ್ಟೆ ಇನ್ನೂ ಸ್ವಲ್ಪ ಕಾಲ ಇರುತ್ತೆ, ಅದರ ಕಥೆ ಹೇಳೋರು ಇರೋವಾಗಲೇ ಕೇಳ್ಕೊಂಡ್ರೆ ಒಳ್ಳೇದು.