ಯಂತ್ರ ಬದಲಾದಾಗ ಅಕ್ಷರದ ಗತಿ

ಬರಹವು ಒಂದು ಆಧಾರವನ್ನು ಬಿಟ್ಟು ಇನ್ನೊಂದನ್ನು ಹಿಡಿದಾಗಲೆಲ್ಲ ಅದರಲ್ಲಿ ಸ್ವಲ್ಪ ಉಳಿಯುತ್ತದೆ, ಸ್ವಲ್ಪ ಅಳಿಯುತ್ತದೆ. ತಾಳೆಗರಿಯಲ್ಲಿದ್ದ ಕೃತಿಗಳ ಪೈಕಿ ಯಾರಾದರೂ ಶ್ರಮವಹಿಸಿ ಪ್ರತಿಮಾಡಿಕೊಂಡವು ಮಾತ್ರ ನಮ್ಮ ಕಾಲದವರೆಗೆ ಬಂದಿವೆ. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಂದಿನಿಂದ ಕನ್ನಡಕ್ಕೆ ಪತ್ರಿಕೆಯ ಕಾಲ ಬಂತು. ಅನಂತರ ಬೆರಳಚ್ಚು ಯಂತ್ರ, ಅದರ ಬೆನ್ನಿಗೇ ಗಣಕಯಂತ್ರ. ಗಣಕಕ್ಕೆ ಕನ್ನಡವು ಬಂದು ಕೆಲವೇ ದಶಕಗಳಾಗಿದ್ದರೂ ಅಷ್ಟರೊಳಗೇ ಅಳಿವು ಉಳಿವಿನ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬಂದು ನಿಂತಿದೆ. ಈ ಚರಿತ್ರೆಯ ಒಂದು ತುಣುಕನ್ನು ಇಲ್ಲಿ ಬರೆದಿಡುತ್ತೇನೆ.

ಗಣಕದ ಮೊದಲ ಸಂಕೇತವ್ಯವಸ್ಥೆಗಳು ರೋಮನ್ ಲಿಪಿಗಾಗಿ ಹುಟ್ಟಿದವು. ಒಂದು ಅಕ್ಷರಕ್ಕೆ ಎಂಟು ಬಿಟ್‌ಗಳೆಂದರೆ ಒಟ್ಟು 256 ಸ್ಥಾನಗಳು. ಅದರಲ್ಲಿ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆಂದು ಮೀಸಲಾದ ಮನೆಗಳಲ್ಲಿಯೇ ಕನ್ನಡವು ಬಾಡಿಗೆಗೆ ಇರಬೇಕಾಯಿತು. ಇಂಗ್ಲಿಷಿನ ‘ಎ’ ಇರಬೇಕಾದ ಜಾಗದಲ್ಲಿ ಕನ್ನಡದ ಒಂದು ತುಂಡು, ‘ಬಿ’ ಇರಬೇಕಾದ ಜಾಗದಲ್ಲಿ ಒಂದು ಒತ್ತು ಅಥವಾ ಒಂದು ಕೊಂಬು, ಹೀಗೆ ಚಿತ್ರಗಳನ್ನು ಬರೆದು ಫಾಂಟ್ ಎಂಬ ಮುಖವಾಡವನ್ನು ತಯಾರಿಸಿದರು. ನೋಡುವ ಕಣ್ಣಿಗೆ ಅದು ಕನ್ನಡ. ಗಣಕದ ಲೆಕ್ಕದಲ್ಲಿ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್.

ಆ ಇಕ್ಕಟ್ಟಿನಲ್ಲಿಯೂ ಕನ್ನಡಿಗರು ಮಾಡಿದ ಕೆಲಸ ಸಣ್ಣದಲ್ಲ. ಕೆ. ಪಿ. ರಾವ್ ಅವರು ಉಚ್ಚಾರಕ್ಕೆ ಹೊಂದುವ ಸರಳವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಊರೂರಿನ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಪರದೇಶದ ಕನ್ನಡಿಗರ ಮನೆಗಳಲ್ಲಿ ಕನ್ನಡವು ಗಣಕವೇರಿದ್ದು ಇಂಥವರ ಪರಿಶ್ರಮದಿಂದ.

ಇದೇ ಕಾಲದಲ್ಲಿ ಇನ್ನೊಂದು ವ್ಯವಸ್ಥೆಯೂ ಬೆಳೆಯುತ್ತಿತ್ತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ನಮ್ಮ ಲಿಪಿಗಳಿಗಾಗಿ ‘ಇಸ್ಕಿ’ ಎಂಬ ಸಂಕೇತವನ್ನು ಅಂಗೀಕರಿಸಿತು. ಅದೇ ವರ್ಷ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯೆಂಬ ಸಂಕಲ್ಪದ ‘ಯುನಿಕೋಡ್’ ಪ್ರಕಟವಾಯಿತು. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದ ಸ್ವಂತ ಆಸ್ತಿ. ‘ಕ’ ಅಕ್ಷರದ ಸಂಖ್ಯೆ 3221. ಆ ಸಂಖ್ಯೆ ಯಾವ ಫಾಂಟಿನಲ್ಲಿಯೂ, ಯಾವ ಕಂಪನಿಯ ಯಂತ್ರದಲ್ಲಿಯೂ ಬದಲಾಗದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಡನೆ ಕನ್ನಡ ಯುನಿಕೋಡ್ ಬಂತು. ಆದರೆ ಪುಸ್ತಕೋದ್ಯಮವು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ಕನ್ನಡ ಯುನಿಕೋಡನ್ನು ಅರಿಯದು. ಅದಕ್ಕಾಗಿ ಡಿಟಿಪಿ ಅಂಗಡಿಗಳಲ್ಲಿ ಬಾಡಿಗೆ ಮನೆಯ ಕನ್ನಡವೇ ಬಹುಕಾಲ ಮುಂದುವರಿಯಿತು.

ಈಗ ನಮ್ಮ ಅಮ್ಮಿನಬಾವಿಗೆ ಬರೋಣ. ಧಾರವಾಡದಿಂದ ಸವದತ್ತಿಯ ರಸ್ತೆ ಹಿಡಿದರೆ ಸಿಗುವ ಈ ಊರಿನಲ್ಲಿ ಪ್ರಾಚೀನ ಬಸದಿಯಿದೆ, ಶಾಸನಗಳಿವೆ. ಇಲ್ಲಿಯ ಒಂದು ಮನೆಯ ಅಜ್ಜ, ತನ್ನ ಹೆಂಡತಿ ಹಾಡುತ್ತಿದ್ದ ಬೀಸುವ ಪದ, ಕುಟ್ಟುವ ಪದಗಳನ್ನು ವರ್ಷಗಟ್ಟಲೆ ನೋಟುಪುಸ್ತಕಗಳಲ್ಲಿ ಬರೆದುಕೊಂಡಿದ್ದರು. 2004ರ ಸುಮಾರಿಗೆ ಅವನ್ನು ಧಾರವಾಡದ ಒಂದು ಅಂಗಡಿಯಲ್ಲಿ ಟೈಪು ಮಾಡಿಸಿ, ಸಿಡಿಯಲ್ಲಿ ತುಂಬಿಸಿ ತಂದರು. ಪುಸ್ತಕ ಅಚ್ಚಾಗಲಿಲ್ಲ. 2019ರ ಆಗಸ್ಟಿನ ಮಳೆಗೆ ಮಣ್ಣಿನ ಮಾಳಿಗೆ ಕುಸಿದು ನೋಟುಪುಸ್ತಕಗಳು ಕೆಸರಾದವು. ಅಷ್ಟರಲ್ಲಿ ಅಜ್ಜ, ಅಜ್ಜಿ ಇಬ್ಬರೂ ತೀರಿಕೊಂಡಿದ್ದರು. ಉಳಿದದ್ದು ಆ ಸಿಡಿಯಿಂದ ಮೊಮ್ಮಗಳ ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಕಡತ ಮಾತ್ರ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಬೆಂಬಲ ಸಾಮಾನ್ಯವಾಗಿ ನಿಂತಿತು. ವಿಂಡೋಸ್ 11 ತನಗೆ ಬೇಕಾದ ಹೊಸ ಪ್ರೊಸೆಸರನ್ನೂ ಸುರಕ್ಷತೆಯ ಚಿಪ್ಪನ್ನೂ ಕೇಳುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅವೆರಡೂ ಇರಲಿಲ್ಲ. ಹೊಸದನ್ನು ಕೊಳ್ಳುವಷ್ಟು ಅನುಕೂಲ ಆ ಮನೆಗಿಲ್ಲ. ಕಾಲೇಜಿನ ಗೆಳತಿಯರ ನೆರವಿನಿಂದ ಹುಡುಗಿ ಅದರಲ್ಲಿ ಲಿನಕ್ಸ್ ಹಾಕಿಕೊಂಡಳು. ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ್ದು. ಜಗತ್ತಿನ ಸಾವಿರಾರು ಜನ ಕೂಡಿ ಬೆಳೆಸಿದ್ದು. ನಮ್ಮ ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೂ ಇಂಥ ಸ್ವತಂತ್ರ ತಂತ್ರಾಂಶದಲ್ಲಿಯೇ. ಲ್ಯಾಪ್‌ಟಾಪು ಅದೇ ಆದರೂ ಒಳಗಿನ ಜೀವ ಬದಲಾಯಿತು. ಹುಡುಗಿಯ ಬೆರಳುಗಳಿಗೆ ತೊಂದರೆಯಾಗಲಿಲ್ಲ, ಏಕೆಂದರೆ ಕೆ. ಪಿ. ರಾವ್ ಅವರ ಕೀಲಿಮಣೆ ಲಿನಕ್ಸಿನಲ್ಲಿಯೂ ಇದೆ. ವಿಕಿಪೀಡಿಯ, ವೃತ್ತಪತ್ರಿಕೆ, ಅವಳ ಟಿಪ್ಪಣಿಗಳು ಎಲ್ಲವೂ ಸ್ವಚ್ಛ ಕನ್ನಡದಲ್ಲಿ ತೆರೆದುಕೊಂಡವು. ಅಜ್ಜನ ಕಡತ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲವಾಗಿ ಕಾಣಿಸಿತು. ಅವಳು ಅದನ್ನು ಹೊತ್ತು ನನ್ನ ಬಳಿಗೆ ಬಂದು, “ಗುರುಗಳ, ಇದು ಯಾವ ಲಿಪಿರಿ?” ಎಂದು ಕೇಳಿದಳು.

ಬಾಡಿಗೆ ಮನೆಯ ಕನ್ನಡವನ್ನು ಸ್ವಂತ ಮನೆಗೆ ಸಾಗಿಸುವ ಪರಿವರ್ತಕಗಳಿವೆ, ಉಚಿತವಾಗಿಯೇ ದೊರೆಯುತ್ತವೆ. ಅವುಗಳ ಕೆಲಸ ನಾವು ತಿಳಿದಷ್ಟು ಸುಲಭವಲ್ಲ. ‘ಧರ್ಮ’ ಎಂಬ ಪದವನ್ನು ನೋಡಿ. ಕಿವಿಗೆ ಕೇಳುವ ಕ್ರಮ ಧ, ರ್, ಮ. ಯುನಿಕೋಡ್ ಇದೇ ಕ್ರಮದಲ್ಲಿ ಕೂಡಿಡುತ್ತದೆ. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಧ, ಮ, ಕಡೆಗೆ ಅರ್ಕಾವತ್ತು ಎಂದು ಕೂಡಿಡುತ್ತದೆ. ಪರಿವರ್ತಕವು ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ಇಡಬೇಕು. ಒತ್ತುಗಳನ್ನು ಅವುಗಳ ಮೂಲ ಅಕ್ಷರದೊಡನೆ ಬೆಸೆಯಬೇಕು. ‘ಕೋ’ ಎಂಬಲ್ಲಿ ಏತ್ವ, ಕೊಂಬು, ದೀರ್ಘಗಳ ತುಂಡುಗಳನ್ನು ಒಂದುಗೂಡಿಸಬೇಕು. ಕಡತವು ಯಾವ ಫಾಂಟಿನದೆಂದು ತಿಳಿಯದಿದ್ದರೆ ಈ ಕೆಲಸಕ್ಕೆ ಆರಂಭವೇ ಇಲ್ಲ. ಎರಡು ಪರಿವರ್ತಕಗಳು ಸೋತು ಮೂರನೆಯದು ಹೊಂದಿತು.

ಹಾಗೆ ಹೊರಬಂದ ಪಾಠದಲ್ಲಿಯೂ ಅಲ್ಲಲ್ಲಿ ಅಕ್ಷರ ಜಾರಿದ್ದವು. ಜನಪದ ತ್ರಿಪದಿಯ ಮಾತು ಶಬ್ದಕೋಶದ ಮಾತಲ್ಲ. ತಪ್ಪು ಯಂತ್ರದ್ದೋ, ಟೈಪು ಮಾಡಿದವರದೋ, ಅಥವಾ ಅಜ್ಜಿಯ ಉಚ್ಚಾರವೇ ಹಾಗಿತ್ತೋ ಎಂದು ಪುಸ್ತಕ ನೋಡಿ ನಿರ್ಣಯಿಸಲಾಗದು. ಹುಡುಗಿ ಅಜ್ಜಿಯ ತಂಗಿಯ ಮುಂದೆ ಕುಳಿತು ಒಂದೊಂದೇ ಪದವನ್ನು ಓದಿದಳು. ಓದಿದ್ದು ತಪ್ಪಾದಲ್ಲಿ ಆ ಹಿರಿಯಳು ಅವಳನ್ನು ತಡೆದು ಹಾಡಿಯೇ ತಿದ್ದಿದಳು. ಆಕೆಗೂ ನೆನಪಾಗದ ಹನ್ನೊಂದು ಪದಗಳು ಅರ್ಧದಲ್ಲಿಯೇ ನಿಂತಿವೆ. ಅವನ್ನು ಊಹಿಸಿ ತುಂಬದೆ ಚುಕ್ಕೆಗಳನ್ನಿಟ್ಟು ಬಿಟ್ಟಿದ್ದೇವೆ. ಒಡೆದ ಶಾಸನದ ಪಾಠವನ್ನು ಪ್ರಕಟಿಸುವ ಪದ್ಧತಿಯೂ ಅದೇ.

ಇಂಥ ಕಡತಗಳು ನಮ್ಮ ಪ್ರಾಂತದಲ್ಲಿ ಇನ್ನೂ ಎಷ್ಟೋ ಇರಬೇಕು. ಮಠಗಳ ಚರಿತ್ರೆ, ಮನೆತನಗಳ ವಂಶಾವಳಿ, ಬಯಲಾಟದ ಹಸ್ತಪ್ರತಿಗಳ ನಕಲು, ಸ್ಮರಣ ಸಂಚಿಕೆಗಳ ಲೇಖನ ಮೊದಲಾದವನ್ನು 1995ರಿಂದ 2010ರವರೆಗೆ ಟೈಪು ಮಾಡಿಸಿ ಕಪಾಟಿನಲ್ಲಿಟ್ಟವರು ಅನೇಕರು. ಅಚ್ಚಾದ ಪ್ರತಿಯಿದ್ದವರಿಗೆ ಭಯವಿಲ್ಲ. ಕಡತವನ್ನೇ ನಂಬಿದವರು ಈಗಲೇ ಅದನ್ನು ತೆರೆದು ನೋಡಬೇಕು; ಫಾಂಟಿನ ಹೆಸರನ್ನು ಬರೆದಿಡಬೇಕು; ಯುನಿಕೋಡಿಗೆ ಪರಿವರ್ತಿಸಿ ಒಂದು ಪ್ರತಿಯನ್ನು ಕಾಗದದ ಮೇಲೆಯೂ ತೆಗೆದಿಡಬೇಕು. ಮೂಲ ಕಡತವನ್ನು ಅಳಿಸಬಾರದು, ಮುಂದೆ ಇದಕ್ಕಿಂತ ಉತ್ತಮವಾದ ಪರಿವರ್ತಕ ಬಂದೀತು. ಎಲ್ಲಕ್ಕೂ ಮುಖ್ಯವಾಗಿ, ಬರೆದವರೋ ಹಾಡಿದವರೋ ನಮ್ಮೊಡನೆ ಇರುವಾಗಲೇ ಪಾಠವನ್ನು ಅವರ ಮುಂದೆ ಓದಿ ತಿದ್ದಿಕೊಳ್ಳಬೇಕು. ಪರಿವರ್ತಕಗಳು ಮುಂದಿನ ವರ್ಷವೂ ಸಿಕ್ಕಾವು. ಪದ ಬಲ್ಲ ಹಿರಿಯರು ಸಿಗುವರೆಂಬ ಭರವಸೆಯಿಲ್ಲ.