ನದಿಯಿಲ್ಲದ ಊರಿನ ನೆರೆ: ಮೂಸಿ ಕಲಿಸಿದ ಲೆಕ್ಕ

ಕಲಬುರಗಿ ನಗರದೊಳಗೆ ನದಿಯಿಲ್ಲ. ಭೀಮಾ ಹರಿಯುವುದು ದೂರದಲ್ಲಿ, ಅಫಜಲಪುರ, ದೇವಲ ಗಾಣಗಾಪುರದ ಕಡೆ. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ ಕಾಣುವ ಈ ತೊಗರಿ ನಾಡಿನ ಹೆಸರು ಸರ್ಕಾರಿ ಕಡತಗಳಲ್ಲಿ ಹೆಚ್ಚಾಗಿ ಬಂದಿರುವುದು ಬರದ ಪಟ್ಟಿಯಲ್ಲೇ. ಆದರೂ ಶಹಾಬಜಾರದಂಥ ಹಳೆಯ ಪೇಟೆಗಳ ತಗ್ಗಿನ ಓಣಿಯವರಿಗೆ ರಾತ್ರಿ ಬಿರುಸಿನ ಮಳೆ ಹಿಡಿದರೆ ನಿದ್ದೆಯಿಲ್ಲ. ಹಿಟ್ಟಿನ ಡಬ್ಬಿ, ಕಾಳಿನ ಚೀಲ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲವೂ ಮಂಚದ ಮೇಲೇರುತ್ತವೆ. ಬಹಮನಿ ಸುಲ್ತಾನರ ಕಾಲದ ಮಸೀದಿಯಿರುವ ಪೇಟೆ ಇದು. ಊರು ಬೆಳೆದಂತೆ ಸುತ್ತಲಿನ ಮಣ್ಣಿನ ನೆಲದ ಮೇಲೆ ಕಾಂಕ್ರೀಟು, ಡಾಂಬರು, ಶಹಾಬಾದಿ ಕಲ್ಲಿನ ಹಾಸು ಬಂದವು. ನೀರು ಇಂಗುವ ಜಾಗ ಕಡಿಮೆಯಾಯಿತು, ಚರಂಡಿಯ ಹೊರೆ ಹೆಚ್ಚಿತು.

ಇಂಥ ನೆರೆಯನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಗಂಭೀರ ಉತ್ತರ ಹುಡುಕಿದ ಒಂದು ಕೆಲಸ ನೂರು ವರ್ಷಗಳ ಹಿಂದೆಯೇ ನಡೆದಿತ್ತು. ಅದೂ ಕಲಬುರಗಿ ಒಂದು ಸುಭಾದ ಕೇಂದ್ರವಾಗಿದ್ದ ನಿಜಾಮ ರಾಜ್ಯದಲ್ಲೇ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿತು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಅಂದಾಜು. ಅಫ್ಜಲಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಹುಣಸೆ ಮರವೊಂದನ್ನು ಹತ್ತಿ ಸುಮಾರು 150 ಮಂದಿ ಬದುಕಿಕೊಂಡರೆಂದು ಊರು ಇಂದಿಗೂ ನೆನೆಯುತ್ತದೆ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಸರ್ಕಾರ ಕರೆಸಿದ್ದು ಮೈಸೂರು ಸೀಮೆಯ ಎಂ. ವಿಶ್ವೇಶ್ವರಯ್ಯನವರನ್ನು. ಆಗ ಯುರೋಪ್ ಪ್ರವಾಸದಲ್ಲಿದ್ದ ಅವರು 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು.

ಅವರು ನದಿಯ ದಂಡೆಗೆ ಗೋಡೆ ಕಟ್ಟಿ ಎಂದಷ್ಟೇ ಹೇಳಿ ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಮೊದಲು ಮಳೆಯ ಲೆಕ್ಕ ತೆಗೆದರು. ಶಂಶಾಬಾದಿನ ಮಳೆಮಾಪಕದಲ್ಲಿ 24 ಗಂಟೆಗೆ 12.8 ಇಂಚು, ಅಂದರೆ ಸುಮಾರು 325 ಮಿಲಿಮೀಟರ್ ದಾಖಲಾಗಿತ್ತು. ಆಮೇಲೆ ನದಿಗೆ ನೀರು ಹರಿದುಬರುವ ಇಡೀ ಜಲಾನಯನ ಪ್ರದೇಶದ ಕೆರೆಗಳನ್ನು ಎಣಿಸಿದರು: 788. ಅವುಗಳಲ್ಲಿ ಒಡೆದವು 221. ಮೇಲಿನ ಕೆರೆಯ ಕಟ್ಟೆ ಒಡೆದರೆ ಆ ನೀರು ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದು ಅದರ ಕೆಳಗಿನದರ ಮೇಲೆ. ಊರಿಗೆ ಬಂದದ್ದು ಮಳೆಯ ನೀರಿನ ಜೊತೆ ಸರಪಳಿಯಂತೆ ಒಡೆದ ಕೆರೆಗಳ ನೀರು. ನೆರೆಯ ಗರಿಷ್ಠ ಹರಿವು ಸೆಕೆಂಡಿಗೆ 4,25,000 ಘನ ಅಡಿ ಎಂದು ಲೆಕ್ಕ ಕಟ್ಟಲಾಯಿತು. ನಗರದ ಮೇಲ್ಭಾಗದಲ್ಲಿ ನೆರೆಯನ್ನು ತಡೆದು ನಿಲ್ಲಿಸುವ ಜಲಾಶಯಗಳು ಬೇಕೆಂಬ ಸಲಹೆ ಈ ಎಣಿಕೆಯಿಂದಲೇ ಹುಟ್ಟಿತು. 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರ, 1927ರಲ್ಲಿ ಈಸಿಗೆ ಹಿಮಾಯತ್ ಸಾಗರ ಸಿದ್ಧವಾದವು.

ಇಂದಿನ ತಜ್ಞರು ಅಪಾಯದ ಅಂದಾಜನ್ನು ಮೂರು ಭಾಗ ಮಾಡುತ್ತಾರೆ. ನೀರು ಎಷ್ಟು ಬರಬಹುದು, ಅದರ ದಾರಿಯಲ್ಲಿ ಯಾರು, ಏನು ಇದ್ದಾರೆ, ಅವರು ಎಷ್ಟು ತಡೆದುಕೊಳ್ಳಬಲ್ಲರು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದರೆ ಒಮ್ಮೆ ಬಂದರೆ ಮತ್ತೆ ನೂರು ವರ್ಷ ನಿಶ್ಚಿಂತೆ ಎಂದಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ನೂರಕ್ಕೆ ಒಂದು. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳುವವನಿಗೆ ಅದನ್ನು ಕಾಣುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಸಾಲ ಮಾಡಿ ಮನೆ ಕಟ್ಟುವವರು ಇದನ್ನು ಕೇಳಿದರೆ ನಿವೇಶನವನ್ನು ಇನ್ನೊಮ್ಮೆ ನೋಡಿಯಾರು.

ನಗರದ ನೆರೆ ಬೇರೆಯೇ ಜಾತಿಯದು ಎಂದು ದೇಶ ಒಪ್ಪಿದ್ದು ತಡವಾಗಿ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ, 2010ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ನಗರ ಬೆಳೆದ ಕಡೆ ನೆರೆಯ ಗರಿಷ್ಠ ಹರಿವು 1.8ರಿಂದ 8 ಪಟ್ಟು ಹೆಚ್ಚಬಹುದು ಎನ್ನುತ್ತದೆ ಅದು. ನಾಲ್ಕು ಚದರ ಕಿಲೋಮೀಟರಿಗೆ ಒಂದು ಮಳೆಮಾಪಕ ಇರಲಿ, ಯೋಜನೆ ಜಲಾನಯನವನ್ನು ಆಧರಿಸಲಿ ಎಂಬುದು ಅದರ ಸಲಹೆ. ನಾಲೆ ಯಾವ ವಾರ್ಡಿನಲ್ಲಿ ಹುಟ್ಟಿ ಯಾವ ವಾರ್ಡಿನಲ್ಲಿ ಉಕ್ಕುತ್ತದೆ ಎಂಬುದು ಪಾಲಿಕೆ ಚುನಾವಣೆಯ ನಕ್ಷೆಯಲ್ಲಿ ಸಿಗುವುದಿಲ್ಲವಲ್ಲ!

ಮಳೆಮಾಪನದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಆದರೆ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಹುಟ್ಟಿದ್ದು ಬರ ಉಸ್ತುವಾರಿ ಘಟಕವಾಗಿ. ಅದರ ಮಾಪಕಗಳ ಜಾಲ ಹರಡಿದ್ದು ಹೋಬಳಿ, ಗ್ರಾಮ ಪಂಚಾಯಿತಿಗಳ ಲೆಕ್ಕದಲ್ಲಿ. ರೈತನಿಗೆ ಅದು ಬೇಕು. ಓಣಿಯ ಲೆಕ್ಕ ಬೇರೆ.

2020ರ ಅಕ್ಟೋಬರ್‌ನಲ್ಲಿ ಈ ಎರಡೂ ಊರುಗಳಿಗೆ ಒಂದೇ ಮೋಡ ಪರೀಕ್ಷೆ ಒಡ್ಡಿತು. ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಮುಟ್ಟಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ಉತ್ತರ ಕರ್ನಾಟಕಕ್ಕೆ ಬಂತು. ಹೈದರಾಬಾದಿನಲ್ಲಿ ಆಗ ಪಲ್ಲೆ ಚೆರುವು, ಗುರ್ರಂ ಚೆರುವು ಎಂಬ ಕೆರೆಗಳು ಒಡೆದು ಬಡಾವಣೆಗಳಿಗೆ ನೀರು ನುಗ್ಗಿತು. ದೊಡ್ಡ ಜಲಾಶಯಗಳು ನಿಂತರೂ ಎಣಿಕೆ ತಪ್ಪಿಸಿಕೊಂಡ ಸಣ್ಣ ಕೆರೆಗಳು ನಿಲ್ಲಲಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಊರುಗಳು ಮುಳುಗಿದವು. ಎಲ್ಲರ ಕಣ್ಣು ನದಿಯ ಕಡೆಗೇ ಹೋಯಿತು. ಸಹಜವೇ.

ಅಪಾಯದ ಎಣಿಕೆ ಹೀಗಾದರೆ ಹಾನಿಯ ಎಣಿಕೆಯ ಕಥೆ ಇನ್ನೊಂದು. 2015ರಿಂದ 2020ರವರೆಗಿನ ಕೇಂದ್ರದ ಪರಿಹಾರ ನಿಯಮದಲ್ಲಿ ಬಟ್ಟೆಗೆ 1,800, ಪಾತ್ರೆಪಗಡೆಗೆ 2,000 ರೂಪಾಯಿ ಸಿಗಬೇಕಾದರೆ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಿನಲ್ಲಿ ನಿಂತಿರಬೇಕು. ನದಿ ದಂಡೆಯ ಹಳ್ಳಿಗೆ ಈ ಅಳತೆ ಸರಿ. ಪೇಟೆಯ ನಾಲೆಯ ನೀರು ಎರಡು ದಿನ ಇರುವುದಿಲ್ಲ. ನಡುರಾತ್ರಿ ನುಗ್ಗಿ ಬೆಳಗಿನ ಹೊತ್ತಿಗೆ ಕೆಸರು ಬಿಟ್ಟು ಇಳಿಯುತ್ತದೆ. ಅಷ್ಟರಲ್ಲಿ ಹೊಲಿಗೆ ಯಂತ್ರ, ಕಿರಾಣಿ ಅಂಗಡಿಯ ಸಾಮಾನು, ಕಾಗದಪತ್ರ ಹಾಳಾಗಿರುತ್ತವೆ. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ಈ 3,800ಕ್ಕೆ ತನ್ನ 6,200 ಸೇರಿಸಿ ಹತ್ತು ಸಾವಿರ ಕೊಟ್ಟಿತು. ಮನೆಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿತು.

ವಿಂಗಡಿಸುವುದು ಪಂಚನಾಮೆಯ ದಿನ. ಹಳೆಯ ಪೇಟೆಗಳ ಮಣ್ಣಿನ ಗೋಡೆ ಮಾತ್ರ ಆ ದಿನವೇ ಬೀಳಬೇಕೆಂದಿಲ್ಲ. ಬುಡದಲ್ಲಿ ನೀರು ಕುಡಿದ ಗೋಡೆ ಮಳೆ ನಿಂತ ಮೇಲೂ ನಿಂತಿರುತ್ತದೆ. ನಾಲ್ಕಾರು ದಿನ ಬಿಸಿಲು ಕಂಡು, ಕೆಳಗಿನ ಕರಿಮಣ್ಣು ಒಣಗಿ ಬಿರಿದಾಗ ಮಾಳಿಗೆಯ ಭಾರಕ್ಕೆ ಕುಸಿಯುತ್ತದೆ. ಅಧಿಕಾರಿಗಳು ಬಂದು ಹೋದಾಗ ಬರೀ ಒದ್ದೆಯಾಗಿದ್ದ ಗೋಡೆ ಅದು.